ಅರ್ಧ ಗಂಟೆ ಆಟ, ಎರಡು ಸಲ ಚೆಂಡು

2018ರ ಜುಲೈ 6. ರಷ್ಯಾದ ಕಜಾನ್ ನಗರದಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್. 31ನೇ ನಿಮಿಷದಲ್ಲಿ ರೊಮೆಲು ಲುಕಾಕು ತನ್ನ ತಂಡದ ಅರ್ಧದಲ್ಲೇ ಚೆಂಡು ಹಿಡಿದು ತಿರುಗಿದರು. ಬ್ರೆಜಿಲ್ ಆಟಗಾರರ ನಡುವೆ ನುಗ್ಗಿ ಓಡಿ, ಬಲಗಡೆ ಕಾದಿದ್ದ ಕೆವಿನ್ ಡಿ ಬ್ರೂಯ್ನೆ ಅವರ ಕಾಲಿಗೆ ಪಾಸ್ ಕೊಟ್ಟರು. ಮರುಕ್ಷಣ ಚೆಂಡು ಬಲೆಯೊಳಗಿತ್ತು. ಐದು ಸಲದ ಚಾಂಪಿಯನ್ ಬ್ರೆಜಿಲ್ 2-1ರಿಂದ ಸೋತು ಮನೆಗೆ ನಡೆಯಿತು.

ಗೆದ್ದದ್ದು ಬೆಲ್ಜಿಯಂ. ವಿಸ್ತಾರದಲ್ಲಿ ಕರ್ನಾಟಕದ ಆರನೇ ಒಂದು ಭಾಗ, ಆಗಿನ ಜನಸಂಖ್ಯೆ ಸುಮಾರು 1.1 ಕೋಟಿ. ಆ ವಿಶ್ವಕಪ್‌ನಲ್ಲಿ ಅದಕ್ಕೆ ಮೂರನೇ ಸ್ಥಾನ ಸಿಕ್ಕಿತು.

ಅದಕ್ಕೆ ಹದಿನೆಂಟು ವರ್ಷ ಹಿಂದೆ ಇದೇ ದೇಶದ ಪಾಡು ಬೇರೆಯಿತ್ತು. 2000ದಲ್ಲಿ ನೆದರ್‌ಲೆಂಡ್ಸ್ ಜೊತೆ ಸೇರಿ ಯೂರೊ ಕಪ್ ನಡೆಸಿದ ಬೆಲ್ಜಿಯಂ, ಮನೆಯಂಗಳದಲ್ಲೇ ಗುಂಪು ಹಂತ ದಾಟಲಾಗದೆ ಹೊರಬಿತ್ತು. ದೊಡ್ಡವರ ತಂಡಕ್ಕೆ ಹೊಸ ಕೋಚ್ ಹುಡುಕುವುದು ಸುಲಭದ ದಾರಿಯಾಗಿತ್ತು. ದೇಶದ ಫುಟ್‌ಬಾಲ್ ಸಂಸ್ಥೆಯ ತಾಂತ್ರಿಕ ನಿರ್ದೇಶಕರಾಗಿದ್ದ ಮಿಶೆಲ್ ಸಾಬ್ಲೊನ್ ಮಾತ್ರ ಕಣ್ಣು ಹಾಯಿಸಿದ್ದು ಏಳೆಂಟು ವರ್ಷದ ಮಕ್ಕಳ ಕಡೆಗೆ.

ಲೂವೆನ್ ವಿಶ್ವವಿದ್ಯಾಲಯದ ನೆರವಿನಿಂದ ಬೇರೆ ಬೇರೆ ವಯಸ್ಸಿನ ಮಕ್ಕಳ ಸುಮಾರು 1,500 ಪಂದ್ಯಗಳನ್ನು ಚಿತ್ರೀಕರಿಸಿ ಕೂಲಂಕಷವಾಗಿ ನೋಡಲಾಯಿತು. ಯಾರು ಗೆದ್ದರು ಎಂಬ ಲೆಕ್ಕ ಅಲ್ಲಿ ಬೇಕಿರಲಿಲ್ಲ. ಚೆಂಡು ಯಾರ ಕಾಲಿಗೆ ಎಷ್ಟು ಸಲ ಸಿಕ್ಕಿತು ಎಂದು ಎಣಿಸಿದರು. ಅರ್ಧ ಗಂಟೆಯ ಆಟದಲ್ಲಿ ಕೆಲವು ಪುಟಾಣಿಗಳಿಗೆ ಅದು ಸಿಕ್ಕಿದ್ದು ಎರಡೇ ಸಲ! ಉಳಿದ ಹೊತ್ತೆಲ್ಲ ಅವರು ದೊಡ್ಡ ಮೈದಾನದಲ್ಲಿ ಸುಮ್ಮನೆ ಓಡುತ್ತಿದ್ದರು, ಇಲ್ಲವೇ ನಿಂತು ನೋಡುತ್ತಿದ್ದರು. ಈಜು ಕಲಿಯಲೆಂದು ಬಂದ ಮಗುವನ್ನು ಕೊಳದ ದಂಡೆಯ ಮೇಲೆ ಕೂರಿಸಿದ ಹಾಗೆ.

ಮದ್ದು ಸರಳವಾಗಿತ್ತು. ಹನ್ನೊಂದು ಮಂದಿಯ ಆಟವನ್ನು ಮಕ್ಕಳಿಗಾಗಿ ಚಿಕ್ಕದು ಮಾಡಿದರು. ತೀರಾ ಚಿಕ್ಕವರಿಗೆ ಇಬ್ಬರ ಎದುರು ಇಬ್ಬರು, ಆಮೇಲೆ ಐವರ ಎದುರು ಐವರು, ಇನ್ನಷ್ಟು ಬೆಳೆದ ಮೇಲೆ ಎಂಟು ಮಂದಿ, ಕೊನೆಗೆ ಪೂರ್ಣ ತಂಡ. 22 ಜನರಿಗೆ ಒಂದು ಚೆಂಡು ಇದ್ದಲ್ಲಿ ನಾಲ್ವರಿಗೆ ಒಂದು ಚೆಂಡಾಯಿತು. ಬಚ್ಚಿಟ್ಟುಕೊಳ್ಳಲು ಯಾರಿಗೂ ಜಾಗವಿಲ್ಲ. ಚೆಂಡು ಬಂದಾಗ ಡ್ರಿಬಲ್ ಮಾಡಿ ಎದುರಾಳಿಯನ್ನು ದಾಟಬೇಕೋ, ಗೆಳೆಯನಿಗೆ ಪಾಸ್ ಕೊಡಬೇಕೋ ಎಂದು ಮಗು ತಾನೇ ತೀರ್ಮಾನಿಸಬೇಕು. ನಿಮಿಷಕ್ಕೆ ಹಲವು ಸಲ ಆ ಪ್ರಶ್ನೆ ಎದುರಾಗುತ್ತದೆ. ಕಾಲಿನ ಕೌಶಲದ ಜೊತೆಗೇ ತಲೆಯೂ ಪಳಗುವುದು ಹೀಗೆ.

ಗಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಪೌಂಡ್ ಆಚೆ ಚೆಂಡು ಹೋದರೆ ಔಟ್ ಎಂಬ ನಿಯಮವಿದ್ದ ಬೀದಿಯ ಹುಡುಗ ನೆಲಕ್ಕಂಟಿದ ಹೊಡೆತಗಳನ್ನು ತಾನಾಗಿ ಕಲಿಯುತ್ತಿದ್ದ. ಇಕ್ಕಟ್ಟು ಜಾಗ ಉಪಾಯ ಹುಟ್ಟಿಸುತ್ತದೆ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ಒಳಾಂಗಣದಲ್ಲಿ ಆಡಲೆಂದು ರೂಪಿಸಿದ ಆಟದಿಂದ ಬೆಳೆದ ಫುಟ್ಸಾಲ್‌ನ ಗುಟ್ಟೂ ಅದೇ. ತಂಡಕ್ಕೆ ಐವರು, ಚಿಕ್ಕ ಅಂಗಳ, ಹೆಚ್ಚು ಪುಟಿಯದ ಪುಟ್ಟ ಚೆಂಡು. ಬ್ರೆಜಿಲ್‌ನ ರೊನಾಲ್ಡಿನೊ, ನೇಮಾರ್‌ರಂಥವರ ಕಾಲ್ಚಳಕ ಬೆಳೆದದ್ದು ಅಲ್ಲಿ. ಬೀದಿಗಳಲ್ಲಿ ವಾಹನ ತುಂಬಿ ಆಟ ಅಕಾಡೆಮಿಗಳಿಗೆ ಸರಿದ ಮೇಲೆ, ಬೀದಿ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಕೋಚ್‌ಗಳು ಯೋಜನೆ ಹಾಕಿ ಕೊಡಬೇಕಾಗಿ ಬಂತು.

ಬೆಲ್ಜಿಯಂನಲ್ಲಿ ನಿಜವಾದ ಜಗಳ ಎದ್ದದ್ದು ಇನ್ನೊಂದು ತೀರ್ಮಾನಕ್ಕೆ. ಏಳೆಂಟು ವರ್ಷದೊಳಗಿನವರ ಲೀಗ್‌ಗಳಲ್ಲಿ ಅಂಕಪಟ್ಟಿಯನ್ನೇ ತೆಗೆದುಹಾಕಲಾಯಿತು. ಯಾರು ಮೊದಲು, ಯಾರು ಕೊನೆ ಎಂಬುದೇ ಇಲ್ಲದಿದ್ದರೆ ಅದೆಂಥ ಆಟ ಎಂದು ಕ್ಲಬ್‌ಗಳು ಗೊಣಗಿದವು. ಆದರೆ ಪಟ್ಟಿಯ ತುದಿಗೇರುವ ಆಸೆ ಕೋಚ್‌ನ ಕೈಯಲ್ಲಿ ಏನು ಮಾಡಿಸುತ್ತದೆ ಎಂಬುದನ್ನು ಪಂದ್ಯಗಳ ಚಿತ್ರೀಕರಣ ತೋರಿಸಿತ್ತು. ಕಲಿಕೆ ಹಿಂದೆ ಬಿದ್ದು ಗೆಲುವು ಮುಂದೆ ಬರುತ್ತದೆ.

ಇವತ್ತೇ ಗೆಲ್ಲಬೇಕಾದರೆ ಎತ್ತರದ, ಬಲಿಷ್ಠ ಹುಡುಗನನ್ನು ಆಡಿಸುವುದು ಲಾಭ. ಹಲವು ಸಲ ಆ ಎತ್ತರದ ಗುಟ್ಟು ಹುಟ್ಟಿದ ತಿಂಗಳಿನಲ್ಲಿರುತ್ತದೆ. ವಯೋಮಿತಿಯ ಲೆಕ್ಕ ಜನವರಿ 1ರಿಂದ ಶುರುವಾಗುವಲ್ಲಿ, ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಹತ್ತರ ವಯಸ್ಸಿನಲ್ಲಿ ಆ ಅಂತರ ಸಣ್ಣದಲ್ಲ. ಯುರೋಪಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುವುದನ್ನು ಲೂವೆನ್‌ನ ವರ್ನರ್ ಹೆಲ್ಸೆನ್ ಮುಂತಾದ ಸಂಶೋಧಕರು ಗುರುತಿಸಿದ್ದಾರೆ. ಮೈ ತಡವಾಗಿ ಬಲಿಯುವ ಮಕ್ಕಳು ಕೈತಪ್ಪಿ ಹೋಗದಿರಲೆಂದು ಬೆಲ್ಜಿಯಂ ಅವರಿಗೆಂದೇ ಪ್ರತ್ಯೇಕ ಕಿರಿಯರ ರಾಷ್ಟ್ರೀಯ ತಂಡ ಕಟ್ಟಿತು.

ಸೋಲನ್ನು ಮಗು ಹೇಗೆ ತೆಗೆದುಕೊಳ್ಳುತ್ತದೆ ಎಂಬುದೂ ದೊಡ್ಡವರ ಮಾತಿಗೆ ಅಂಟಿಕೊಂಡಿದೆ. ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಹೆಸರಾದವು. ಐದನೇ ತರಗತಿಯ ಮಕ್ಕಳಿಗೆ ಒಗಟುಗಳನ್ನು ಕೊಟ್ಟು, ಕೆಲವರಿಗೆ ‘ನೀನು ಜಾಣ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೊಗಳಿದರು. ಜಾಣ ಎನಿಸಿಕೊಂಡವರಲ್ಲಿ ಹೆಚ್ಚಿನವರು, ಹೆಸರು ಕೆಡದಿರಲೆಂದು ಮುಂದಿನ ಸಲ ಸುಲಭದ್ದನ್ನೇ ಆರಿಸಿಕೊಂಡರು. ಒಮ್ಮೆ ಎಡವಿದ ಮೇಲೆ ಅವರ ಸಾಧನೆಯೂ ಇಳಿಯಿತು. ಶ್ರಮಕ್ಕೆ ಶಹಬ್ಬಾಸ್ ಪಡೆದವರು ಕಷ್ಟದ್ದಕ್ಕೆ ಕೈಹಾಕಿದರು. ಶ್ರಮದಿಂದ ಬೆಳೆಯಬಹುದು ಎಂಬ ಮನೋಭಾವದ ತರಬೇತಿಯಿಂದ ಆಗುವ ಲಾಭ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ ಎಂದು ನಂತರದ ದೊಡ್ಡ ಅಧ್ಯಯನಗಳು ಹೇಳಿವೆ, ನಿಜ. ಆದರೂ ಡ್ರಿಬಲ್ ಮಾಡಲು ಹೋಗಿ ಚೆಂಡು ಕಳೆದುಕೊಂಡ ಹುಡುಗಿಗೆ ಗೆರೆಯಾಚೆಯಿಂದ ಅಪ್ಪ ಗದರಿದರೆ ಏನಾಗುತ್ತದೆಂದು ಮೈದಾನದಲ್ಲಿ ನಿಂತ ಯಾರಿಗಾದರೂ ಗೊತ್ತು. ಮುಂದಿನ ಸಲ ಅವಳು ಚೆಂಡನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾಳೆ.

ಬೆಲ್ಜಿಯಂನ ಫಲ ಬೇಗ ಕೈಗೆ ಬರಲಿಲ್ಲ. 2006 ಮತ್ತು 2010ರ ವಿಶ್ವಕಪ್‌ಗಳಿಗೆ ಆ ದೇಶ ಅರ್ಹತೆಯನ್ನೇ ಪಡೆಯಲಿಲ್ಲ. 2007ರಲ್ಲಿ ಫಿಫಾ ಶ್ರೇಯಾಂಕ 71ಕ್ಕೆ ಕುಸಿಯಿತು. 2015ರ ನವೆಂಬರ್‌ನಲ್ಲಿ ಅದೇ ತಂಡ ಮೊದಲ ಸ್ಥಾನದಲ್ಲಿ ಕೂತಿತ್ತು. ಎಲ್ಲ ಶ್ರೇಯ ಸಾಬ್ಲೊನ್ ಯೋಜನೆಗೇ ಸಲ್ಲಬೇಕೆಂದಲ್ಲ. ಎಡೆನ್ ಹಜಾರ್ಡ್ ಹದಿನಾಲ್ಕಕ್ಕೇ ಫ್ರಾನ್ಸಿನ ಲೀಲ್ ಕ್ಲಬ್ ಸೇರಿದ್ದ. ಲುಕಾಕು, ವಿನ್ಸೆಂಟ್ ಕೊಂಪಾನಿ ಅವರಂಥ ವಲಸೆ ಕುಟುಂಬಗಳ ಮಕ್ಕಳೂ ತಂಡವನ್ನು ಕಟ್ಟಿದರು. ಆ ಪೀಳಿಗೆ ಒಂದೂ ದೊಡ್ಡ ಕಪ್ ಗೆಲ್ಲಲಿಲ್ಲ, 2022ರ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಸೋತಿತು.

ಆದರೂ ಪುಟ್ಟ ಆಟದ ವಿಚಾರ ಗಟ್ಟಿಯಾಗಿಯೇ ಉಳಿದಿದೆ. ಇಂಗ್ಲೆಂಡ್ 2012ರಲ್ಲಿ ಏಳೆಂಟು ವರ್ಷದವರಿಗೆ ಐವರ ತಂಡವನ್ನು ಒಪ್ಪಿಕೊಂಡಿತು. ಜರ್ಮನಿಯಲ್ಲಿ 2024-25ರ ಋತುವಿನಿಂದ ಅತಿ ಕಿರಿಯರು ಇಬ್ಬರು ಮೂವರ ತಂಡಗಳಾಗಿ, ನಾಲ್ಕು ಪುಟ್ಟ ಗೋಲುಗಳ ಅಂಗಳದಲ್ಲಿ ಆಡುತ್ತಾರೆ. ಮಕ್ಕಳಿಗೆ ಸೋಲುವುದನ್ನು ಕಲಿಸದೆ ಮುದ್ದು ಮಾಡುತ್ತಿದ್ದೀರಿ ಎಂಬ ಟೀಕೆ ಅಲ್ಲೂ ಜೋರಾಗಿ ಕೇಳಿಬಂತು.

ಭಾರತದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2018ರಲ್ಲಿ ಶುರುಮಾಡಿದ ಗೋಲ್ಡನ್ ಬೇಬಿ ಲೀಗ್ ಹನ್ನೆರಡರೊಳಗಿನ ಮಕ್ಕಳಿಗೆ ಇದೇ ಬಗೆಯ ಚಿಕ್ಕ ತಂಡಗಳ ಆಟವಾಗಿತ್ತು. ಬೆಂಗಳೂರಿಗಂತೂ ಇಕ್ಕಟ್ಟಿನ ಜಾಗದ ಫುಟ್‌ಬಾಲ್ ಹೊಸದಲ್ಲ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಅಂದಿನ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು.

ಈಗ ಶನಿವಾರ, ಭಾನುವಾರ ನಗರದ ಟರ್ಫ್‌ಗಳಲ್ಲಿ ಬಣ್ಣಬಣ್ಣದ ಜೆರ್ಸಿ ತೊಟ್ಟ ಮಕ್ಕಳು, ಬಲೆಯಾಚೆ ಕಾಫಿ ಲೋಟ ಹಿಡಿದ ಅಪ್ಪ ಅಮ್ಮಂದಿರು. ಬೆಲ್ಜಿಯಂನವರು ಮಾಡಿದ ಲೆಕ್ಕಕ್ಕೆ ಕ್ಯಾಮೆರಾ ಕೂಡ ಬೇಕಿಲ್ಲ. ಒಂದು ಚೀಟಿ, ಒಂದು ಪೆನ್ನು ಇದ್ದರೆ ಆಯಿತು. ಸ್ಕೋರ್ ಬಿಟ್ಟು, ಮಗುವಿನ ಕಾಲಿಗೆ ಚೆಂಡು ತಗುಲಿದಾಗಲೆಲ್ಲ ಒಂದು ಗೀಟು ಹಾಕುತ್ತ ಹೋಗಬೇಕು. ಅರ್ಧ ಗಂಟೆ ಕಳೆದ ಮೇಲೆ ಎಣಿಸಬೇಕು.