ಬೂಷ್ಟು ಹಿಡಿದ ಗೋಡೆ

ಮಳೆಗಾಲ ಕಳೆದು ನವರಾತ್ರಿ ಸಮೀಪಿಸಿತೆಂದರೆ ಮನೆಮನೆಯಲ್ಲಿಯೂ ಸುಣ್ಣಬಣ್ಣದ ಮಾತು ಏಳುವುದು ವಾಡಿಕೆ. ಬೀರುವನ್ನು ಸರಿಸಿದರೆ ಅದರ ಹಿಂದಿನ ಗೋಡೆಯಲ್ಲಿ ಮಸಿ ಸಿಡಿದಂತೆ ಕಪ್ಪು ಚುಕ್ಕೆಗಳು. ಪುಸ್ತಕದ ಕಪಾಟನ್ನು ತೆರೆದರೆ ಮುಗ್ಗಲು ವಾಸನೆ. ಮನೆಯೊಡೆಯರು ಬಣ್ಣದವನನ್ನು ಕರೆಸುತ್ತಾರೆ. ಅವನು ಕೆರೆದು, ಪುಟ್ಟಿ ಹಚ್ಚಿ, ಎರಡು ಸಲ ಬಣ್ಣ ಬಳಿದು ಹೋಗುತ್ತಾನೆ. ದೀಪಾವಳಿಗೆ ಗೋಡೆ ಹೊಳೆಯುತ್ತದೆ. ಮುಂದಿನ ಆಷಾಢದಲ್ಲಿ ಅದೇ ಸ್ಥಳದಲ್ಲಿ ಅವೇ ಚುಕ್ಕೆಗಳು ಮತ್ತೆ ತಲೆದೋರುತ್ತವೆ.

ಇದು ಬಣ್ಣದ ದೋಷವಲ್ಲ, ಬಣ್ಣದವನ ದೋಷವೂ ಅಲ್ಲ. ಬೂಷ್ಟು ಎಂಬುದು ಶಿಲೀಂಧ್ರ ಕುಲಕ್ಕೆ ಸೇರಿದ ಜೀವಿ. ಅದರ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲಿಯೂ ಸದಾ ತೇಲುತ್ತಿರುತ್ತವೆ. ಅವುಗಳನ್ನು ಸಂಪೂರ್ಣವಾಗಿ ಹೊರಗಿಡುವುದು ಯಾರಿಂದಲೂ ಆಗದು. ಕಾಗದ, ಮರ, ಬಟ್ಟೆ, ಬಣ್ಣದ ಪೊರೆ, ಗೋಡೆಗಂಟಿದ ಧೂಳು, ಇಷ್ಟೇ ಅದಕ್ಕೆ ಆಹಾರ. ಅದು ಕಾಯುತ್ತಿರುವುದು ನೀರಿಗಾಗಿ ಮಾತ್ರ. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಬೂಷ್ಟು ಬೆಳೆಯುವುದಿಲ್ಲ. ಆದುದರಿಂದ ಬೂಷ್ಟು ಅಪರಾಧಿಯಲ್ಲ, ಸಾಕ್ಷಿ. ನಿಜವಾದ ಅಪರಾಧಿ ನೀರು. ನೀರಿನ ದಾರಿಯನ್ನು ಹುಡುಕದೆ ಬಣ್ಣ ಬಳಿಯುವುದೆಂದರೆ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ.

ಕಟ್ಟಡಗಳ ತೇವವನ್ನು ಪರೀಕ್ಷಿಸುವ ನುರಿತವರು ಮೊದಲು ಕೇಳುವ ಪ್ರಶ್ನೆ, "ಈ ನೀರು ಎಲ್ಲಿಂದ ಬಂದಿತು?" ಎಂಬುದು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳುಂಟು.

ಮೊದಲನೆಯದು ನೆಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಹೀರಿಕೊಳ್ಳುತ್ತವೆ. ಈ ತೇವ ಸಾಮಾನ್ಯವಾಗಿ ಸುಮಾರು 1 ಮೀಟರ್ ಎತ್ತರದವರೆಗೆ ಏರುತ್ತದೆ. ನೀರು ಆರಿಹೋದ ಮೇಲೂ ಅದು ಹೊತ್ತು ತಂದ ಲವಣಗಳು ಬಿಳಿಯ ಹುಡಿಯಾಗಿ ಗೋಡೆಯ ಮೇಲೆ ಉಳಿಯುತ್ತವೆ. ಗಾರೆ ಹಳಕು ಹಳಕಾಗಿ ಉದುರುತ್ತದೆ. ಅಡಿಪಾಯದ ಮೇಲೆ ತೇವ ತಡೆಯುವ ಪದರವನ್ನು ಹಾಕದಿದ್ದಾಗ, ಅಥವಾ ಹೊರಗಿನ ಮಣ್ಣು ಆ ಪದರಕ್ಕಿಂತ ಮೇಲೇರಿದಾಗ ಹೀಗಾಗುತ್ತದೆ.

ಎರಡನೆಯದು ಮಳೆ ಮತ್ತು ಕೊಳವೆ. ತಾರಸಿಯ ಬಿರುಕು, ಕಟ್ಟಿಕೊಂಡ ನೀರಿನ ದೋಣಿ, ಕಿಟಕಿಯ ಚೌಕಟ್ಟಿನ ಸಂದು, ಮೇಲಂತಸ್ತಿನ ಬಚ್ಚಲುಮನೆಯ ನೆಲ, ಇವೆಲ್ಲ ಇದರ ಹೆಬ್ಬಾಗಿಲುಗಳು. ಮಳೆ ಬಂದಾಗ ಹರಡಿ, ಬಿಸಿಲಿನಲ್ಲಿ ಕುಗ್ಗುವ ಕಲೆ ಮಳೆಯದು. ವರ್ಷವಿಡೀ ಒಂದೇ ಸಮನಾಗಿರುವ ಕಲೆ ಹೆಚ್ಚಾಗಿ ಕೊಳವೆಯದು. ಆದರೆ ಕಲೆ ಕಂಡಲ್ಲಿಯೇ ತೂತು ಇರಬೇಕೆಂದಿಲ್ಲ. ನೀರು ಇಳಿಜಾರನ್ನು ಹಿಡಿದು ದೂರ ಸಾಗಿ ಬೇರೊಂದು ಮೂಲೆಯಲ್ಲಿ ಮುಖ ತೋರಿಸಬಹುದು.

ಮೂರನೆಯದು ಮನೆಯೊಳಗಿನ ಗಾಳಿ. ಅಡುಗೆಯ ಹಬೆ, ಸ್ನಾನದ ಬಿಸಿನೀರು, ಒಳಗೆ ಹರವಿದ ಬಟ್ಟೆ, ಮನೆಮಂದಿಯ ಉಸಿರು, ಎಲ್ಲವೂ ಗಾಳಿಗೆ ನೀರನ್ನು ಸೇರಿಸುತ್ತವೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ತೇವದ ಗಾಳಿ ತಣ್ಣನೆಯ ಗೋಡೆಯನ್ನು ಮುಟ್ಟಿದಾಗ ಹೊರಲಾರದ ನೀರನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಗಾಳಿಯಾಡದ ಮೂಲೆಗಳಲ್ಲಿ, ಬೀರುವಿನ ಬೆನ್ನಿನಲ್ಲಿ ಬೂಷ್ಟು ಹೆಚ್ಚಾಗಿ ಕಾಣುವುದು ಇದರಿಂದಲೇ.

ಮೂರರಲ್ಲಿ ಯಾವುದೆಂದು ತಿಳಿಯಲು ಹಲವು ಉಪಕರಣಗಳಿವೆ. ಎರಡು ಮುಳ್ಳುಗಳುಳ್ಳ ತೇವಮಾಪಕವನ್ನು ಗೋಡೆಗೆ ಒತ್ತಿದರೆ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂಬುದರಿಂದ ತೇವದ ಅಂದಾಜು ದೊರೆಯುತ್ತದೆ. ಆದರೆ ಲವಣ ತುಂಬಿದ ಒಣಗೋಡೆಯೂ ಅದನ್ನು ಮೋಸಗೊಳಿಸಬಲ್ಲದು. ಅತಿಗೆಂಪು ಕ್ಯಾಮೆರಾ ಗೋಡೆಯ ತಂಪಾದ ಭಾಗಗಳನ್ನು ತೋರಿಸುತ್ತದೆಯೇ ಹೊರತು ನೀರನ್ನೇ ಅಲ್ಲ. ಹೀಗಾಗಿ ಯಂತ್ರಕ್ಕಿಂತ ಅದನ್ನು ಹಿಡಿದವರ ವಿವೇಕವೇ ದೊಡ್ಡದು. ಗೃಹಸ್ಥರೇ ಮಾಡಬಹುದಾದ ಒಂದು ಸುಲಭ ಪರೀಕ್ಷೆಯೂ ಉಂಟು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿದು, ಒಂದೆರಡು ದಿನ ಬಿಡಬೇಕು. ಹನಿಗಳು ಹಾಳೆಯ ಹೊರಮೈಯಲ್ಲಿ ಕೂಡಿದರೆ ಅದು ಕೋಣೆಯ ಗಾಳಿಯ ನೀರು; ಗೋಡೆಯ ಕಡೆಯ ಮೈಯಲ್ಲಿ ಕೂಡಿದರೆ ಗೋಡೆಯೇ ಒದ್ದೆಯಾಗಿದೆಯೆಂದು ತಿಳಿಯಬೇಕು.

ಮಲೆನಾಡು ಮತ್ತು ಕರಾವಳಿಯ ಹಿಂದಿನ ಮೇಸ್ತ್ರಿಗಳು ಇಂತಹ ಯಂತ್ರಗಳನ್ನು ಕಂಡವರಲ್ಲ. ಆದರೂ ನೀರಿನ ಸ್ವಭಾವವನ್ನು ಅವರು ಬಲ್ಲವರಾಗಿದ್ದರು. ಎತ್ತರದ ಜಗಲಿ, ಕಡಿದಾದ ಹೆಂಚಿನ ಮಾಡು, ಗೋಡೆಯಿಂದ ಬಹುದೂರ ಚಾಚಿದ ಸೂರು, ಉಸಿರಾಡುವ ಸುಣ್ಣದ ಗಾರೆ, ಇವೆಲ್ಲ ಬಂದ ನೀರನ್ನು ದೂರವಿಡುವ, ಒಳಹೊಕ್ಕ ತೇವವನ್ನು ಆರಗೊಡುವ ಉಪಾಯಗಳು. ಅಂತಹ ಹಳೆಯ ಗೋಡೆಗೆ ಗಟ್ಟಿಯಾಗಲೆಂದು ಸಿಮೆಂಟು ಮೆತ್ತಿದರೆ ಒಳಗಿನ ತೇವಕ್ಕೆ ಹೊರದಾರಿಯೇ ಇಲ್ಲವಾಗುತ್ತದೆ.

ಇದು ಕೇವಲ ಗೋಡೆಯ ಅಂದಚಂದದ ವಿಚಾರವಲ್ಲ. ತೇವ ಮತ್ತು ಬೂಷ್ಟುಗಳಿರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆಗಳೂ ಆಸ್ತಮವೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಎಚ್ಚರಿಸಿತು. ಆ ಎಚ್ಚರಿಕೆಯ ಅರ್ಥವೇನೆಂಬುದನ್ನು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಒಂದು ಘಟನೆ ಜಗತ್ತಿಗೆ ತೋರಿಸಿಕೊಟ್ಟಿತು.

ಅಲ್ಲಿ ಅವಾಬ್ ಇಶಾಕ್ ಎಂಬ ಮಗುವಿನ ತಂದೆತಾಯಿಗಳು ವಸತಿ ಸಂಸ್ಥೆಯೊಂದರ ಬಾಡಿಗೆ ಮನೆಯಲ್ಲಿದ್ದರು. ಮಗು ಹುಟ್ಟುವ ಮೊದಲೇ, 2017ರಲ್ಲಿ, ತಂದೆ ಬೂಷ್ಟಿನ ಬಗ್ಗೆ ದೂರಿಕೊಂಡಾಗ, ಅದರ ಮೇಲೆ ಬಣ್ಣ ಬಳಿಯುವಂತೆ ಅವರಿಗೆ ಹೇಳಲಾಯಿತು. 2020ರ ಜುಲೈಯಲ್ಲಿ ಮನೆಯ ಪರೀಕ್ಷೆ ನಡೆದು, ಅಡುಗೆಮನೆ ಬಚ್ಚಲುಮನೆಗಳಲ್ಲಿ ಬೂಷ್ಟು ಇರುವುದು ದಾಖಲೆಗೂ ಬಂದಿತು. ಆದರೆ ಅದನ್ನು ಹೋಗಲಾಡಿಸುವ ಕೆಲಸ ನಡೆಯಲಿಲ್ಲ. ಅದೇ ವರ್ಷದ ಡಿಸೆಂಬರ್ 21ರಂದು ಆ ಮಗು ತೀರಿಕೊಂಡಿತು. ಅದಕ್ಕೆ ಎರಡು ವರ್ಷ ಆಗತಾನೆ ತುಂಬಿತ್ತು. ಬಹುಕಾಲ ಬೂಷ್ಟಿನ ನಡುವೆ ಬಾಳಿದುದರಿಂದ ಉಂಟಾದ ಶ್ವಾಸಕೋಶದ ವ್ಯಾಧಿಯೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ವಿಚಾರಣೆ ತೀರ್ಮಾನಿಸಿತು. ಎಲ್ಲರೂ ಮಾಡುವ ನಿತ್ಯದ ಗೃಹಕೃತ್ಯಗಳೂ, ಆ ಮನೆಯಲ್ಲಿ ಸರಿಯಾದ ಗಾಳಿಯ ಸಂಚಾರ ಇಲ್ಲದಿದ್ದುದೂ ಸೇರಿ ಬೂಷ್ಟಿಗೆ ಎಡೆಯಾಯಿತೆಂದು ಕಂಡುಬಂದಿತು.

ಆ ಮಗುವಿನ ಹೆಸರಿನಲ್ಲಿಯೇ ಒಂದು ಕಾನೂನು ರೂಪುಗೊಂಡಿತು. 2023ರ ಶಾಸನದ ಆಧಾರದ ಮೇಲೆ 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿ ಸಂಸ್ಥೆಗಳಿಗೆ ಅದು ಅನ್ವಯವಾಯಿತು. ತುರ್ತಿನ ಅಪಾಯವನ್ನು 24 ಗಂಟೆಗಳೊಳಗೆ ನಿವಾರಿಸಬೇಕು. ಗಂಭೀರವಾದ ತೇವ, ಬೂಷ್ಟುಗಳ ದೂರನ್ನು 10 ಕೆಲಸದ ದಿನಗಳೊಳಗೆ ಪರೀಕ್ಷಿಸಬೇಕು. ಪರೀಕ್ಷೆ ಮುಗಿದ 5 ಕೆಲಸದ ದಿನಗಳೊಳಗೆ ಮನೆಯನ್ನು ಸುರಕ್ಷಿತಗೊಳಿಸಬೇಕು. ಪರೀಕ್ಷೆಗೂ ದುರಸ್ತಿಗೂ ನಡುವಣ ಅಂತರ ಎಷ್ಟು ಘೋರವಾಗಬಲ್ಲುದೆಂಬ ಅರಿವೇ ಈ ದಿನಗಣನೆಯ ಹಿಂದಿದೆ.

ಗೃಹಸ್ಥರಿಗೆ ಇದರಿಂದ ದೊರೆಯುವ ಪಾಠ ಸರಳವಾದುದು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡುವುದು, ಅಡುಗೆಮನೆಯ ಹಬೆಯನ್ನು ಹೊರಗೆ ಕಳುಹಿಸುವುದು, ಮಳೆಗೆ ಮೊದಲೇ ತಾರಸಿಯ ನೀರುದಾರಿಯನ್ನು ಶುಚಿಗೊಳಿಸುವುದು, ಇವು ಹೆಚ್ಚು ಖರ್ಚಿನ ಕೆಲಸಗಳಲ್ಲ. ಮಗು ಮಲಗುವ ಕೋಣೆಯ ಗೋಡೆಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ನೀರಿನ ದಾರಿಯನ್ನು ಹುಡುಕಿ, ಅದನ್ನು ತಡೆದು, ಗೋಡೆಯನ್ನು ಚೆನ್ನಾಗಿ ಒಣಗಿಸಿದ ಅನಂತರವೇ ಬಣ್ಣದವನಿಗೆ ಹೇಳಿಕಳುಹಿಸುವುದು ಲೇಸು.