ಮನೆಯಲ್ಲಿ ಯಾರ ಮದ್ದು ಮೊದಲು ನಿಲ್ಲುತ್ತದೆ?

ಕಾಯಿಲೆ ಅಲ್ಲಾಹನ ಪರೀಕ್ಷೆ, ಅದು ಬಡವ-ಶ್ರೀಮಂತ ಎಂದು ನೋಡಿ ಬರುವುದಿಲ್ಲ ಎಂದು ನಾವು ಹೇಳುತ್ತೇವೆ. ಮಾತು ಸರಿಯೇ. ಆದರೆ ಬಂದ ಕಾಯಿಲೆಗೆ ಯಾರಿಗೆ ಮದ್ದು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎನ್ನುವುದು ಹೆಚ್ಚಾಗಿ ಮನುಷ್ಯರಾದ ನಮ್ಮದೇ ತೀರ್ಮಾನ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಈ ತೀರ್ಮಾನವನ್ನು ಲೆಕ್ಕ ಹಾಕಿ ತೋರಿಸಿದವರು ಅರ್ಥಶಾಸ್ತ್ರಜ್ಞೆ ಗೀತಾ ಸೇನ್.

ದೆಹಲಿಯಲ್ಲಿ ಅರ್ಥಶಾಸ್ತ್ರ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು ಬೆಂಗಳೂರಿನ ಐಐಎಂನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು. 1984ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಡಾನ್' ಎಂಬ ಮಹಿಳೆಯರ ಅಂತರರಾಷ್ಟ್ರೀಯ ಜಾಲದ ಸ್ಥಾಪಕರಲ್ಲಿ ಒಬ್ಬರು. ಬಡತನ, ಹೆಣ್ಣುಮಕ್ಕಳ ದುಡಿಮೆ, ಆರೋಗ್ಯ ಇವೇ ಅವರ ಜೀವಮಾನದ ವಿಷಯ. ದೊಡ್ಡ ಹುದ್ದೆಗಳಿದ್ದರೂ ಅವರು ಸಂಶೋಧನೆಗೆ ಆರಿಸಿಕೊಂಡದ್ದು ಮಳೆ ಕಡಿಮೆ, ಆಸ್ಪತ್ರೆ ದೂರ ಇರುವ ಕೊಪ್ಪಳ ಜಿಲ್ಲೆಯನ್ನು.

ಅಲ್ಲಿ ಅವರು ಅದಿತಿ ಅಯ್ಯರ್, ಆಶಾ ಜಾರ್ಜ್ ಜೊತೆ ಸೇರಿ ಮನೆಮನೆ ಸಮೀಕ್ಷೆ ನಡೆಸಿದರು. ಸಾಮಾನ್ಯವಾಗಿ ಇಂಥ ಲೆಕ್ಕದಲ್ಲಿ ಬಡ ಮನೆ ಎಷ್ಟು, ಅನುಕೂಲಸ್ಥ ಮನೆ ಎಷ್ಟು ಎಂದು ನೋಡಿ ಬಿಡುತ್ತಾರೆ. ಇವರು ಮನೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಒಂದೇ ಮನೆಯೊಳಗೆ ಬಹುಕಾಲದ ಕಾಯಿಲೆ ಇರುವವರಲ್ಲಿ ಯಾರಿಗೆ ಚಿಕಿತ್ಸೆಯೇ ಆಗಿಲ್ಲ, ಯಾರದ್ದು ಶುರುವಾಗಿ ನಡುವೆ ನಿಂತಿತು, ಯಾರದ್ದು ಮುಂದುವರಿಯಿತು ಎಂದು ಬೇರೆಬೇರೆಯಾಗಿ ನೋಡಿದರು.

2007ರಲ್ಲಿ ಪ್ರಕಟವಾದ ಫಲಿತಾಂಶ ನಮ್ಮನ್ನು ಯೋಚನೆಗೆ ಹಚ್ಚಬೇಕು. ಚಿಕಿತ್ಸೆಯೇ ಸಿಗದಿರುವ ವಿಷಯದಲ್ಲಿ ಬಡ ಮನೆಯ ಹೆಂಗಸರಷ್ಟೇ ಅಲ್ಲ, ಅನುಕೂಲ ಇರುವ ಮನೆಯ ಹೆಂಗಸರೂ ಗಂಡಸರಿಗಿಂತ ಹಿಂದಿದ್ದರು. ಅಂದರೆ ಅಲ್ಲಿ ಕೊರತೆ ದುಡ್ಡಿನದ್ದಲ್ಲ. ಬಡ ಮನೆಗಳಲ್ಲಿ ಇನ್ನೂ ಒಂದು ಸಂಗತಿ ಕಂಡಿತು. ಕೈ ಬಿಗಿಯಾದಾಗ ಮನೆಯವರ ನಡುವೆ ಮದ್ದಿಗೂ ರೇಷನ್ ಬರುತ್ತದೆ, ಆಗ ನಡುವೆ ನಿಲ್ಲುವುದು ಹೆಚ್ಚಾಗಿ ಹೆಂಗಸಿನ ಚಿಕಿತ್ಸೆ.

ಅದೇ ವರ್ಷ ಗೀತಾ ಸೇನ್ ಸ್ವೀಡನ್ನಿನ ಪಿರೋಸ್ಕಾ ಓಸ್ಟ್‌ಲಿನ್ ಜೊತೆ ಇದೇ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗಕ್ಕೆ ವರದಿ ಕೊಟ್ಟರು. 2020ರಲ್ಲಿ ಅವರಿಗೆ ಡಾನ್ ಡೇವಿಡ್ ಪ್ರಶಸ್ತಿ ಬಂತು.

ಕೊಪ್ಪಳ ಎಲ್ಲಿ, ನಮ್ಮ ಕೆಮ್ಮಣ್ಣು ಎಲ್ಲಿ ಎಂದು ಕೇಳಬಹುದು. ನಮಗೆ ಉಡುಪಿ ಹತ್ತಿರ, 1953ರಿಂದ ಮೆಡಿಕಲ್ ಕಾಲೇಜು ಇರುವ ಮಣಿಪಾಲವೂ ಹತ್ತಿರ. ಆದರೆ ಆಸ್ಪತ್ರೆ ಹತ್ತಿರ ಇದ್ದ ಮಾತ್ರಕ್ಕೆ ಉಮ್ಮ ಅಲ್ಲಿಗೆ ಮುಟ್ಟುತ್ತಾರೆಯೇ? ಶುಗರಿನ ಮಾತ್ರೆ ಮುಗಿದರೆ "ಬರುವ ತಿಂಗಳು ತಂದರಾಯ್ತು" ಅನ್ನುವವರು ಯಾರು? ಬೀಡಿ ಕಟ್ಟಿ ಬೆನ್ನು ನೋಯುವಾಗ ಮುಲಾಮು ಹಚ್ಚಿ ಸುಮ್ಮನಿರುವವರು ಯಾರು? ಗಲ್ಫಿನಿಂದ ಮಗ ಫೋನ್ ಮಾಡಿದರೆ "ನಂಗೇನಾಗಿದೆ, ಹುಷಾರಿದ್ದೇನೆ" ಎಂದೇ ಹೇಳುತ್ತಾರೆ. ಆ ಮಾತನ್ನು ನಂಬಿ ಸುಮ್ಮನಾಗುವುದು ನಮಗೂ ಸುಲಭ.

ನಾವು ಮದ್ರಸದಲ್ಲಿ ಮಕ್ಕಳಿಗೆ ಬದ್ರ್‌ನ ಚರಿತ್ರೆ ಹೇಳಿಕೊಡುತ್ತೇವೆ. ಆ ಯುದ್ಧಕ್ಕೆ ಹಝ್ರತ್ ಉಸ್ಮಾನ್ (ರ) ಹೋಗಲಿಲ್ಲ. ಪತ್ನಿ ರುಕಿಯ್ಯಾ (ರ) ಕಾಯಿಲೆಯಲ್ಲಿದ್ದರು. ಮನೆಯಲ್ಲೇ ಉಳಿದು ಅವರ ಆರೈಕೆ ಮಾಡುವಂತೆ ಪ್ರವಾದಿಯವರೇ (ಸ) ತಿಳಿಸಿದ್ದರು. ಯುದ್ಧದಲ್ಲಿ ಇದ್ದವರಿಗೆ ಸಿಕ್ಕ ಪಾಲನ್ನೂ ಪ್ರತಿಫಲವನ್ನೂ ಉಸ್ಮಾನರಿಗೂ ಕೊಡಲಾಯಿತು. ಇಸ್ಲಾಮಿನ ಮೊದಲ ದೊಡ್ಡ ಯುದ್ಧದ ಹೊತ್ತಿಗೂ ಒಬ್ಬ ಹೆಂಗಸಿನ ಕಾಯಿಲೆ ಸಣ್ಣ ವಿಷಯ ಆಗಲಿಲ್ಲ. ಇವತ್ತು ಅಂಗಡಿ ಬಿಡಲಿಕ್ಕೆ ಆಗುವುದಿಲ್ಲ, ರಜೆ ಸಿಗುವುದಿಲ್ಲ ಎನ್ನುವ ನಾವು ಇದನ್ನು ನೆನಪಿಡಬೇಕು.

ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಈ ವಾರ ಮನೆಯಲ್ಲಿ ಎಲ್ಲರ ಮದ್ದಿನ ಚೀಟಿ ಒಟ್ಟಿಗೆ ಇಟ್ಟು ನೋಡಿ, ಯಾರದ್ದು ನಿಂತಿದೆ ಎಂದು ಗೊತ್ತಾಗುತ್ತದೆ. ಬಿಪಿ, ಶುಗರಿನ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಅದು ಮನೆಯ ಹೆಂಗಸರಿಗೂ ಸೇರಿದ್ದು. ಜಮಾಅತ್ ಕಮಿಟಿಗಳು ವೈದ್ಯಕೀಯ ನೆರವು ಕೊಡುವಾಗ ಅರ್ಜಿ ತಂದವರನ್ನು ಮಾತ್ರ ನೋಡದೆ, ಮನೆಯಲ್ಲಿ ಅರ್ಜಿ ಹಾಕದೆ ಕುಳಿತವರು ಯಾರಾದರೂ ಇದ್ದಾರಾ ಎಂದು ಒಂದು ಮಾತು ಕೇಳಲಿ.