ಕರೆಂಟು ಹೋದ 20 ಮಿಲಿಸೆಕೆಂಡು

ಭರಣಿ ಮಳೆಗೆ ಮುಂಚೆ ಏಳುವ ಗಾಳಿಗೆ ತೆಂಗಿನ ಗರಿಯೊಂದು ಹಾರಿ 11 ಕೆ.ವಿ. ಲೈನಿನ ಮೇಲೆ ಬಿತ್ತು ಅನ್ನಿ. ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್ ಆಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಲೈನ್ ಚಾರ್ಜ್ ಮಾಡಿ ನೋಡುತ್ತಾರೆ. ಗರಿ ಜಾರಿ ಬಿದ್ದಿದ್ದರೆ ಸರಿ, ಅಲ್ಲೇ ಸಿಕ್ಕಿಕೊಂಡಿದ್ದರೆ ಮತ್ತೆ ಟ್ರಿಪ್. ಹೀಗೆ ಹೋಗಿ ಬಂದು, ಬಂದು ಹೋಗುವ ಕರೆಂಟು ಚನ್ನಗಿರಿ, ನ್ಯಾಮತಿ ಕಡೆಯ ತೋಟದ ಊರುಗಳಲ್ಲಿ ಯಾರಿಗೂ ಸುದ್ದಿಯಲ್ಲ. ಹೊನ್ನಾಳಿಯ ಹೊಳೆದಂಡೆಯ ಗದ್ದೆಬಯಲಿನ ಪಾಡು ಬೇರೆ. ತ್ರಿಫೇಸ್ ಬಂದ ಗಳಿಗೆಯಲ್ಲೇ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಏಳುತ್ತವೆ. ಏಳುವಾಗ ಒಂದೊಂದು ಮೋಟಾರೂ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ವೋಲ್ಟೇಜು ಕುಸಿಯುತ್ತದೆ. ಜಗಳೂರಿನಲ್ಲಿ ಬೋರ್‌ವೆಲ್ಲು, ಬಿಸಿಲು, ಒಣನೆಲ. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳೇ ಆದರೂ ಕರೆಂಟಿನ ಕಷ್ಟ ಒಂದೊಂದು ಕಡೆ ಒಂದೊಂದು ಥರ.

ಫ್ಯಾನು, ಬಲ್ಬು ಇದನ್ನೆಲ್ಲ ತಡೆದುಕೊಳ್ಳುತ್ತವೆ. ಕಂಪ್ಯೂಟರಿಗೆ ಕಷ್ಟ. ಅದರಲ್ಲೂ ಒಂದೇ ಪೆಟ್ಟಿಗೆಯೊಳಗೆ ಐದಾರು ಕಂಪ್ಯೂಟರು ಓಡಿಸುವ ಸರ್ವರ್ ಆದರಂತೂ ಇನ್ನೂ ಕಷ್ಟ.

ಮನೆಯಲ್ಲಿ ಸರ್ವರ್ ಯಾಕಪ್ಪಾ ಎನ್ನುವವರಿಗೆ ಎರಡು ಮಾತು. 2020ರ ನಂತರ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಹುಡುಗರು, ಮದುವೆ ವಿಡಿಯೊಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾದ ಸ್ಟುಡಿಯೊದವರು, ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ವ್ಯಾಪಾರಿಗಳು, ಇಂಥವರಿಗೆ ಒಂದು ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರ್ ಅಥವಾ ಅಂಗೈಯಗಲದ ಮಿನಿ ಪಿಸಿ ಸಾಕು. ಅದಕ್ಕೆ ವಿಯೆನ್ನಾದ ಕಂಪನಿಯೊಂದು 2008ರಲ್ಲಿ ಹೊರತಂದ, ಪುಕ್ಕಟೆ ಸಿಗುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕಿದರೆ, ಒಂದೇ ಯಂತ್ರವನ್ನು ಹಲವು ವರ್ಚುಯಲ್ ಯಂತ್ರಗಳಾಗಿ ಹಂಚಬಹುದು. ಒಂದರಲ್ಲಿ ವಿಂಡೋಸ್ ಮತ್ತು ಟ್ಯಾಲಿ, ಇನ್ನೊಂದರಲ್ಲಿ ಸಿಸಿಟಿವಿ ರೆಕಾರ್ಡಿಂಗ್, ಮತ್ತೊಂದರಲ್ಲಿ ಮನೆಮಂದಿಯ ಫೋಟೊ. ಅನುಕೂಲ ಇರುವುದು ಎಲ್ಲಿಯೋ ಅಪಾಯವೂ ಅಲ್ಲೇ. ಟ್ಯಾಲಿ ಓಡುವ ಆ ಯಂತ್ರದ ‘ಹಾರ್ಡ್‌ಡಿಸ್ಕ್’ ನಿಜವಾದ ಡಿಸ್ಕೇ ಅಲ್ಲ, ಕೆಳಗಿರುವ ಒಂದೇ ಎಸ್ಎಸ್‌ಡಿಯ ಮೇಲಿನ ಒಂದು ದೊಡ್ಡ ಫೈಲು ಅಥವಾ ಒಂದು ಪಾಲು. ಆ ಎಸ್ಎಸ್‌ಡಿಯ ಲೆಕ್ಕ ತಪ್ಪಿದರೆ ಐದೂ ಯಂತ್ರ ಒಟ್ಟಿಗೆ ಮಲಗುತ್ತವೆ.

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಅಂದರೆ ಒಂದು ಅಲೆಗೆ 20 ಮಿಲಿಸೆಕೆಂಡು. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ ಕೆಪಾಸಿಟರು, ಗೋಡೆಯ ಕಡೆಯಿಂದ ಕರೆಂಟು ಪೂರ್ತಿ ನಿಂತರೂ, ಪೂರ್ಣ ಲೋಡಿನಲ್ಲಿ ಸುಮಾರು 16–17 ಮಿಲಿಸೆಕೆಂಡು ಯಂತ್ರವನ್ನು ನಡೆಸಬಲ್ಲದು. ಒಂದು ಅಲೆ ತಪ್ಪಿದರೂ ಸಾಕು, ಅದರ ಉಸಿರು ಮುಗಿಯಿತು. ಇನ್ವರ್ಟರು ಇದೆಯಲ್ಲ ಎಂದು ಧೈರ್ಯವಾಗಿರುವವರು ಎದ್ದು ಹೋಗಿ ಅದರ ಹಿಂಭಾಗ ನೋಡಿ. ಬಹಳಷ್ಟು ಮನೆ ಇನ್ವರ್ಟರುಗಳಲ್ಲಿ ಒಂದು ಪುಟ್ಟ ಸ್ವಿಚ್ಚಿದೆ, ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’. ಮಾಮೂಲಿ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಅದು ಹತ್ತಾರು ಮಿಲಿಸೆಕೆಂಡು ತೆಗೆದುಕೊಳ್ಳಬಹುದು. ಟ್ಯೂಬ್‌ಲೈಟಿಗೆ ಅದು ಲೆಕ್ಕಕ್ಕಿಲ್ಲ, ಸರ್ವರಿಗೆ ಅದೇ ರೀಸ್ಟಾರ್ಟ್. ಯುಪಿಎಸ್ ಮೋಡಿಗೆ ತಿರುಗಿಸಲು ಕಾಸು ಖರ್ಚಿಲ್ಲ. ಆದರೆ ಆ ಮೋಡಿನಲ್ಲಿ ಇನ್ವರ್ಟರು ವೋಲ್ಟೇಜಿನ ಏರಿಳಿತಕ್ಕೆ ಬೇಗ ಬೆದರಿ ಮತ್ತೆ ಮತ್ತೆ ಬ್ಯಾಟರಿಗೆ ಹೋಗುತ್ತದೆ. ಪಂಪ್‌ಸೆಟ್ಟಿನ ಊರುಗಳಲ್ಲಿ ಇದು ಬ್ಯಾಟರಿಯ ಆಯುಸ್ಸು ತಿನ್ನುತ್ತದೆ, ನೆನಪಿರಲಿ.

ಸರಿ, ಯಂತ್ರ ದಿಢೀರ್ ಆಫ್ ಆಯಿತು. ಡಿಸ್ಕಿನಲ್ಲಿ ಬರೆದಿಟ್ಟದ್ದು ಎಲ್ಲಿಗೆ ಹೋಗುತ್ತದೆ? ನಿಜವಾಗಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ‘ಬರೆದಾಯಿತು’ ಎಂದು ಹೇಳಿ ಇನ್ನೂ ಬರೆಯದೆ ಇದ್ದದ್ದು. ಅಡಿಕೆ ಮಂಡಿಯ ಗುಮಾಸ್ತ ‘ಬರ್ಕೊಂಡೆ, ಹೋಗ್ಬನ್ನಿ’ ಅಂತ ರೈತನನ್ನು ಕಳಿಸಿದ. ಆದರೆ ತೂಕ ಬರೆದದ್ದು ಜೇಬಿನ ಚೀಟಿಯಲ್ಲಿ, ಖಾತೆಗೆ ಏರಿಸುವುದು ಸಂಜೆಗೆ. ಸಂಜೆಯೊಳಗೆ ಚೀಟಿ ಕಳೆದರೆ ಆ ಮೂಟೆ ಮಂಡಿಗೆ ಬಂದೇ ಇಲ್ಲ. ಕಂಪ್ಯೂಟರಿನಲ್ಲಿ ಇಂಥ ಗುಮಾಸ್ತರು ಸಾಲಾಗಿ ಕೂತಿದ್ದಾರೆ. ಟ್ಯಾಲಿ ಕೊಟ್ಟದ್ದನ್ನು ವಿಂಡೋಸು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದು ಕೊಟ್ಟದ್ದನ್ನು ಕೆಳಗಿರುವ ಪ್ರಾಕ್ಸ್‌ಮಾಕ್ಸಿನ ಲಿನಕ್ಸು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳಬಹುದು, ಕೊನೆಗೆ ಎಸ್ಎಸ್‌ಡಿಯೂ ತನ್ನೊಳಗಿನ ಸಣ್ಣ ಮೆಮೊರಿಯಲ್ಲಿ ಒಂದಿಷ್ಟು ಹಿಡಿದಿಟ್ಟುಕೊಂಡಿರುತ್ತದೆ. ಲಿನಕ್ಸಿನ ಮಾಮೂಲಿ ಸೆಟ್ಟಿಂಗಿನಲ್ಲಿ ಹೀಗೆ ಕಾಯುವ ದತ್ತಾಂಶಕ್ಕೆ 30 ಸೆಕೆಂಡಿನ ಗಡುವು. ವರ್ಚುಯಲ್ ಯಂತ್ರಗಳು ಬಂದ ಮೇಲೆ ಒಬ್ಬ ಗುಮಾಸ್ತ ಹೆಚ್ಚಾದ, ಅಷ್ಟೇ.

‘ಕಾಯಬೇಡ, ಈಗಲೇ ಖಾತೆಗೆ ಏರಿಸು’ ಎಂಬ ಆಜ್ಞೆಯೂ ಇದೆ. ಮುಖ್ಯ ದತ್ತಾಂಶ ಬರೆಯುವಾಗ ಡೇಟಾಬೇಸುಗಳು ಇದನ್ನು ಕಳಿಸುತ್ತವೆ, ಪ್ರಾಕ್ಸ್‌ಮಾಕ್ಸ್ ತಾನೇ ಆರಿಸಿಕೊಳ್ಳುವ ‘ನೋ ಕ್ಯಾಶ್’ ಸೆಟ್ಟಿಂಗು ಅದನ್ನು ಕೆಳಕ್ಕೆ ತಲುಪಿಸುತ್ತದೆ. ಅದೇ ಪಟ್ಟಿಯಲ್ಲಿ ‘ರೈಟ್ ಬ್ಯಾಕ್ ಅನ್‌ಸೇಫ್’ ಎಂಬ ಇನ್ನೊಂದು ಆಯ್ಕೆ ಇದೆ. ಆಜ್ಞೆಯನ್ನೇ ಕಿವಿಗೆ ಹಾಕಿಕೊಳ್ಳದ ಕಾರಣ ಅದು ಬಲು ಚುರುಕು. ಚುರುಕಾಯಿತಲ್ಲ ಎಂಬ ಖುಷಿಗೆ ಅದನ್ನು ಆರಿಸುವವರಿದ್ದಾರೆ. ನಮ್ಮ ಕಡೆಯ ಕರೆಂಟು ನೋಡಿಕೊಂಡು ಯಾರೂ ಅದನ್ನು ಮುಟ್ಟಬಾರದು.

ಆಜ್ಞೆ ತಲುಪಿದರೂ ಡಿಸ್ಕು ಪ್ರಾಮಾಣಿಕವಾಗಿರಬೇಕಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸಂಶೋಧಕರು ಐದು ಕಂಪನಿಗಳ 15 ಎಸ್ಎಸ್‌ಡಿಗಳನ್ನು ತಂದು, ಬರೆಯುತ್ತಿರುವಾಗಲೇ ಮತ್ತೆ ಮತ್ತೆ ಕರೆಂಟು ಕಿತ್ತು ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 15ರಲ್ಲಿ 13 ಎಡವಟ್ಟು ಮಾಡಿದ್ದವು. ಕೆಲವು ಅರ್ಧ ಬರೆದು ನಿಲ್ಲಿಸಿದ್ದವು, ಕೆಲವು ಹಿಂದಿನದನ್ನು ಬಿಟ್ಟು ಮುಂದಿನದನ್ನು ಬರೆದಿದ್ದವು, ಒಂದು ಪೂರ್ತಿ ಸತ್ತೇಹೋಗಿತ್ತು. ಎಸ್ಎಸ್‌ಡಿ ಯಾವ ಮಾಹಿತಿ ಯಾವ ಚಿಪ್ಪಿನ ಯಾವ ಕೋಣೆಯಲ್ಲಿದೆ ಎಂಬ ನಕಾಶೆಯನ್ನು ಸದಾ ತಿದ್ದುತ್ತಿರುತ್ತದೆ. ಆ ನಕಾಶೆಯೇ ಕೆಟ್ಟರೆ, ಮುಟ್ಟದೆ ಇದ್ದ ಹಳೆಯ ಫೈಲುಗಳೂ ಸಿಗುವುದಿಲ್ಲ. ಸರ್ವರಿಗೆಂದೇ ಮಾಡಿದ ಎಸ್ಎಸ್‌ಡಿಗಳಲ್ಲಿ ಇದಕ್ಕಾಗಿಯೇ ಒಂದು ಸಾಲು ಕೆಪಾಸಿಟರು ಕೂರಿಸಿರುತ್ತಾರೆ, ಕರೆಂಟು ಹೋದ ಮೇಲೆ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಇಂಥವು ಸೆಕೆಂಡ್‌ಹ್ಯಾಂಡಿನಲ್ಲೂ ಸಿಗುತ್ತವೆ. ನನ್ನನ್ನು ಕೇಳಿದರೆ, ಹೊಸ ಮಾಮೂಲಿ ಎಸ್ಎಸ್‌ಡಿಗಿಂತ ಕೆಪಾಸಿಟರು ಇರುವ ಹಳೆಯದೇ ಲೇಸು. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ಇನ್ನೊಂದು ಸೊಗಸಿದೆ. ಕರೆಂಟು ಹೋದಾಗ ಇನ್ನೂ ತಿರುಗುತ್ತಿರುವ ತಟ್ಟೆಯ ಮೋಟಾರೇ ಜನರೇಟರ್ ಆಗಿ, ಓದುವ ತಲೆಯನ್ನು ಸುರಕ್ಷಿತ ಜಾಗಕ್ಕೆ ತಂದಿಡುತ್ತದೆ. ಅದು ಉಳಿಸುವುದು ಡಿಸ್ಕಿನ ಮೈಯನ್ನು ಮಾತ್ರ, ಮೆಮೊರಿಯಲ್ಲಿದ್ದ ಲೆಕ್ಕವನ್ನಲ್ಲ.

ಅರ್ಧಕ್ಕೆ ನಿಂತ ಬರಹಕ್ಕೆ ತಂತ್ರಾಂಶದ ಮಂದಿ ಕಂಡುಕೊಂಡ ಮದ್ದು ಖಿರ್ದಿ. ಮೊದಲು ‘ಹೀಗೆ ಮಾಡಲಿದ್ದೇನೆ’ ಎಂದು ಖಿರ್ದಿಯಲ್ಲಿ ಬರೆ, ಆಮೇಲೆ ಖಾತೆ ಮುಟ್ಟು. ನಡುವೆ ಏನಾದರೂ ಆದರೆ ಖಿರ್ದಿ ನೋಡಿ ಸರಿಪಡಿಸು. ಐಐಟಿ ಮದ್ರಾಸಿನಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ವಿಧಾನ ಈ ಬಗೆಯದು, ಡೇಟಾಬೇಸ್ ಜಗತ್ತಿನಲ್ಲಿ ಅದರ ಪ್ರಭಾವ ದೊಡ್ಡದು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನ ದಾರಿ ಬೇರೆ. ಅದು ಹಳೆಯದರ ಮೇಲೆ ಬರೆಯುವುದೇ ಇಲ್ಲ. ಹೊಸದನ್ನು ಖಾಲಿ ಜಾಗದಲ್ಲಿ ಬರೆದು ಮುಗಿಸಿ, ಕೊನೆಗೊಮ್ಮೆ ವಿಳಾಸ ಬದಲಿಸುತ್ತದೆ. ವಿಳಾಸ ಬದಲಾಗುವ ಮುಂಚೆ ಕರೆಂಟು ಹೋದರೆ ಕೆಲವು ಸೆಕೆಂಡು ಹಿಂದಿನ, ಆದರೆ ಪೂರ್ತಿ ಸರಿಯಾದ ಸ್ಥಿತಿ ಸಿಗುತ್ತದೆ. ಪ್ರಾಕ್ಸ್‌ಮಾಕ್ಸ್ ಹಾಕುವಾಗಲೇ ಇದನ್ನು ಆರಿಸಿಕೊಳ್ಳಬಹುದು.

ಇನ್ನು ಬ್ಯಾಟರಿ. 150 ಎ.ಎಚ್.ನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದೆ. ನಷ್ಟ, ವಯಸ್ಸು ಎಲ್ಲ ಕಳೆದು ಸಾವಿರ ಹಿಡಿಯೋಣ. 40 ವ್ಯಾಟಿನ ಮಿನಿ ಸರ್ವರ್ ಒಂದೇ ಇದ್ದರೆ ಇಡೀ ದಿನ ಓಡೀತು. ಎರಡು ಫ್ಯಾನು, ನಾಲ್ಕು ಲೈಟು ಜೊತೆಗೂಡಿದರೆ ಐದು ಗಂಟೆ. ಜಗಳೂರಿನಂಥ ಬಿಸಿಲೂರಿನಲ್ಲಿ ಈ ಲೆಕ್ಕವೂ ನಿಲ್ಲದು. 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಲೆಡ್-ಆ್ಯಸಿಡ್ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆ. ಆದರೆ ದೊಡ್ಡ ಕೊರತೆ ಗಂಟೆಗಳದ್ದಲ್ಲ. ಮನೆಯ ಇನ್ವರ್ಟರು ಸಾಮಾನ್ಯವಾಗಿ ಸರ್ವರಿನ ಜೊತೆ ಮಾತಾಡುವುದಿಲ್ಲ. ಬ್ಯಾಟರಿ ಮುಗಿಯುತ್ತ ಬಂದಾಗ ಅದು ಕೀಂಯ್‌ಗುಟ್ಟುತ್ತದೆ, ಕೇಳಿಸಿಕೊಳ್ಳಲು ಮನೆಯಲ್ಲಿ ಯಾರಾದರೂ ಎದ್ದಿರಬೇಕು. ಐದು ಗಂಟೆ ಓಡಿಸಿ ಕೊನೆಗೆ ದಬಕ್ಕನೆ ಆಫ್ ಮಾಡುವ ಬ್ಯಾಟರಿಗಿಂತ, ಹತ್ತು ನಿಮಿಷ ಓಡಿಸಿ ‘ಮುಚ್ಚಿಕೋ’ ಎಂದು ಹೇಳುವ ಯುಪಿಎಸ್ ಸಾವಿರ ಪಾಲು ಮೇಲು.

ಆದ್ದರಿಂದ ಇನ್ವರ್ಟರು ಮತ್ತು ಸರ್ವರಿನ ನಡುವೆ ಯುಎಸ್‌ಬಿ ಕಿಂಡಿ ಇರುವ ಒಂದು ಚಿಕ್ಕ ಯುಪಿಎಸ್ ಹಾಕಿ. ಇನ್ವರ್ಟರು ಶುದ್ಧ ಸೈನ್‌ವೇವ್ ಇರಬೇಕು, ಚೌಕ ಅಲೆಯದಾದರೆ ಎಷ್ಟೋ ಯುಪಿಎಸ್‌ಗಳು ಒಪ್ಪುವುದಿಲ್ಲ. ಕೊಳ್ಳುವಾಗ ಕಿಂಡಿ ಇದೆಯೇ ಎಂದು ಕೇಳಿಯೇ ಕೊಳ್ಳಿ, 600 ವಿ.ಎ.ಯ ಅಗ್ಗದ ಮಾದರಿಗಳಲ್ಲಿ ಹಲವಕ್ಕೆ ಅದಿರುವುದಿಲ್ಲ. ಇನ್ವರ್ಟರಿನ ಬ್ಯಾಟರಿ ಕೈಬಿಟ್ಟ ಗಳಿಗೆ ಯುಪಿಎಸ್ ಹೊರೆ ಹೊತ್ತು ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ‘ನೆಟ್‌ವರ್ಕ್ ಯುಪಿಎಸ್ ಟೂಲ್ಸ್’ ಎಂಬ ಪುಕ್ಕಟೆ ತಂತ್ರಾಂಶ ಆ ಸುದ್ದಿ ಕೇಳಿ, ವರ್ಚುಯಲ್ ಯಂತ್ರಗಳನ್ನು ನಿಲ್ಲಿಸಿ, ಕೊನೆಗೆ ಸರ್ವರನ್ನೇ ಮುಚ್ಚುತ್ತದೆ. ಒಂದು ಯಂತ್ರ ಮುಚ್ಚಿಕೊಳ್ಳಲು ಪ್ರಾಕ್ಸ್‌ಮಾಕ್ಸ್ ಕೊಡುವ ಗಡುವು 180 ಸೆಕೆಂಡು. ಒಂದಾದ ಮೇಲೊಂದರಂತೆ ಐದು ಯಂತ್ರಗಳಿದ್ದು ಎಲ್ಲವೂ ಗಡುವಿನವರೆಗೆ ಎಳೆದಾಡಿದರೆ ಕಾಲುಗಂಟೆ ಬೇಕು. ಯುಪಿಎಸ್ ಅಷ್ಟು ತಾಳುತ್ತದೆಯೇ ನೋಡಿಕೊಳ್ಳಿ. ಕಿಂಡಿಯ ಯುಪಿಎಸ್ ಸಿಗದಿದ್ದರೆ ಹಳ್ಳಿಯ ಉಪಾಯ ಒಂದಿದೆ. ಹಳೆಯ ವೈಫೈ ರೂಟರನ್ನು ಇನ್ವರ್ಟರಿಗೆ ಕೊಡದೆ ನೇರ ಲೈನಿಗೆ ಸಿಕ್ಕಿಸಿ, ಕೇಬಲಿನಲ್ಲಿ ಜಾಲಕ್ಕೆ ಸೇರಿಸಿ. ಅದು ಕೂಗಿಗೆ ಓಗೊಡದೆ ಅರ್ಧ ಗಂಟೆಯಾದರೆ ಸರ್ವರ್ ತಾನೇ ಮಲಗುವಂತೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿಡಿ. ಕರೆಂಟು ಬಂದ ಕೂಡಲೇ ತಾನಾಗಿ ಆನ್ ಆಗುವ ಬಯಾಸ್ ಸೆಟ್ಟಿಂಗನ್ನು ಮಾತ್ರ ಆರಿಸಬೇಡಿ. ಬಂದ ಕರೆಂಟು ಇನ್ನೆರಡು ಸಲ ಹೋಗುವುದಿದೆ.

ಇಷ್ಟೆಲ್ಲ ಮಾಡಿದರೂ ತಪ್ಪದ ಗಂಡಾಂತರಗಳಿವೆ. ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬರುವ ನ್ಯೂಟ್ರಲ್ ತಂತಿ ಕಡಿದರೆ 230 ವೋಲ್ಟಿನ ಮನೆಗೆ 400ರ ಹತ್ತಿರ ನುಗ್ಗಬಹುದು. ಸಾಲುಮನೆಗಳ ಟಿವಿ ಒಂದೇ ಸಂಜೆ ಸುಟ್ಟುಹೋಗುವುದು ಹೀಗೆ. ಸಿಡಿಲು ಇನ್ನೊಂದು. ಸರ್ಜ್ ಪ್ರೊಟೆಕ್ಟರ್ ಕೆಲಸ ಮಾಡುವುದು ಭೂಮಿಗೆ ದಾರಿ ಇದ್ದರೆ ಮಾತ್ರ. ಬೇಸಿಗೆಯ ಒಣನೆಲದಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯದಿದ್ದರೆ ಆ ದಾರಿ ಮುಚ್ಚಿದಂತೆಯೇ. ದೊಡ್ಡವರೂ ಇದರಿಂದ ಪಾರಾಗಿಲ್ಲ. 2015ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಗೂಗಲ್ ಡೇಟಾ ಸೆಂಟರಿನ ವಿದ್ಯುತ್ ಜಾಲಕ್ಕೆ ಒಂದರ ಹಿಂದೊಂದು ನಾಲ್ಕು ಸಿಡಿಲು ಬಡಿಯಿತು. ಬ್ಯಾಟರಿಗಳು ಇದ್ದವು, ಆದರೆ ಮತ್ತೆ ಮತ್ತೆ ಬರಿದಾದಾಗ ಆಗಷ್ಟೇ ಬರೆದಿದ್ದ ಒಂದಂಶ ಕಾಯಂ ಆಗಿ ಹೋಯಿತು. ಪ್ರಮಾಣ ಶೇ 0.000001ಕ್ಕಿಂತ ಕಡಿಮೆ, ಕಳಕೊಂಡವರಿಗೆ ಅದೇ ನೂರಕ್ಕೆ ನೂರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರಕಾರಿ ಡೇಟಾ ಸೆಂಟರಿನಲ್ಲಿ ಆದದ್ದು ಇನ್ನೂ ವಿಚಿತ್ರ. ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹೊತ್ತಿಕೊಂಡು, ಸರಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟಿನ ಸಂಗ್ರಹ ನಾಶವಾಯಿತು. ಅದಕ್ಕೆ ಹೊರಗೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಕಾಯಬೇಕಾದ ಬ್ಯಾಟರಿಯೇ ಸುಟ್ಟಿತು.

ದತ್ತಾಂಶವನ್ನು ಇದ್ದಲ್ಲೇ ಬಿಡದೆ ಬೇರೆ ಊರಿಗೆ ಒಯ್ಯುವ ದಾರಿಯನ್ನು ನಮ್ಮ ರಾಜ್ಯ ಮೊದಲೇ ನಡೆದಿದೆ. 2000ರ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದಾಗ ದತ್ತಾಂಶ ಇದ್ದದ್ದು ತಾಲ್ಲೂಕು ಕಚೇರಿಗಳಲ್ಲೇ. ಮುಂದೆ ಅದು ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಹೋಯಿತು. ಮನೆ ಸರ್ವರಿಗೂ ಬೇರೆ ಊರಿನಲ್ಲೊಂದು ಪ್ರತಿ ಬೇಕು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದ್ದು ಛಾಯಾಗ್ರಾಹಕ ಪೀಟರ್ ಕ್ರೋಗ್. ಮನೆಯ ಮಟ್ಟಿಗೆ ಅದರರ್ಥ ಇಷ್ಟೆ. ಒಂದು ಪ್ರತಿ ಓಡುತ್ತಿರುವ ಸರ್ವರಿನಲ್ಲಿ. ಎರಡನೆಯದು ಬ್ಯಾಕಪ್ ಮುಗಿದ ಮೇಲೆ ತಂತಿ ಕಿತ್ತು ಬೀರುವಿನಲ್ಲಿಡುವ ಡಿಸ್ಕಿನಲ್ಲಿ, ಸದಾ ಸಿಕ್ಕಿಸಿಟ್ಟರೆ ಸಿಡಿಲಿಗೆ ಎರಡೂ ಒಂದೇ. ಮೂರನೆಯದು ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಇರುವ ಅಕ್ಕನ ಮನೆಯಲ್ಲಿ. 500 ಜಿಬಿಯನ್ನು 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಕಳಿಸಲು ನಾಲ್ಕೂವರೆ ದಿನ ಮೀರುತ್ತದೆ. ಹಾಗಾಗಿ ಮೊದಲ ಪ್ರತಿಯನ್ನು ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದೇ ಜಾಣತನ. ಆಮೇಲೆ, 2020ರಲ್ಲಿ ಬಂದ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಬದಲಾದ ತುಣುಕುಗಳನ್ನಷ್ಟೇ ಕಳಿಸುತ್ತದೆ. ಕರೆಂಟು ಹೋಗಿ ಬಂದ ಮರುದಿನದ ಬ್ಯಾಕಪ್ ಬಹಳ ಹೊತ್ತು ತೆಗೆದುಕೊಂಡರೆ ಗಾಬರಿ ಬೇಡ. ಯಾವುದು ಬದಲಾಗಿದೆ ಎಂಬ ಟಿಪ್ಪಣಿ ಮೆಮೊರಿಯಲ್ಲಿತ್ತು, ಅದು ಅಳಿಸಿಹೋದ್ದರಿಂದ ಇಡೀ ಡಿಸ್ಕನ್ನು ಮತ್ತೆ ಓದಿ ನೋಡುತ್ತಿರುತ್ತದೆ. ಸ್ನ್ಯಾಪ್‌ಶಾಟನ್ನೂ, ಜೋಡಿ ಡಿಸ್ಕಿನ ರೇಡನ್ನೂ ಬ್ಯಾಕಪ್ ಎಂದು ಎಣಿಸಬೇಡಿ. ಅವು ಇರುವುದು ಅದೇ ಪೆಟ್ಟಿಗೆಯಲ್ಲಿ, ಅದೇ ಪ್ಲಗ್ಗಿನಲ್ಲಿ.

ಈ ವಾರ ಬಿಡುವು ಮಾಡಿಕೊಂಡು ಒಂದು ವರ್ಚುಯಲ್ ಯಂತ್ರವನ್ನು ಬ್ಯಾಕಪ್ಪಿನಿಂದ ಬೇರೊಂದು ಹಳೆಯ ಕಂಪ್ಯೂಟರಿಗೆ ರಿಸ್ಟೋರ್ ಮಾಡಿ. ಟ್ಯಾಲಿ ತೆರೆದು ಕಳೆದ ವಾರದ ಬಿಲ್ಲು ಇದೆಯೇ ನೋಡಿ. ಬ್ಯಾಕಪ್ಪಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಕೀಲಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಪತ್ರಗಳ ಜೊತೆ ಇಡಿ. ಕೀಲಿ ಸರ್ವರಿನೊಳಗಷ್ಟೇ ಇದ್ದು ಸರ್ವರ್ ಸುಟ್ಟರೆ, ಅಕ್ಕನ ಮನೆಯ ಡಿಸ್ಕನ್ನು ಯಾರಿಂದಲೂ ತೆರೆಯಲಾಗದು.